ಭಾನುವಾರದ ಕ್ಷೌರ

ಒರೊನೊ, ಮೇನ್
ಫೆಬ್ರುವರಿ ೯

ಪಪಾ,

ಈ ಕಾಗದ ಓದುವ ಮೊದಲು ಅಡುಗೆಮನೆಯ ಕುರ್ಚಿಯಲ್ಲಿ ಕೂತುಕೋ. ಪಕ್ಕದ ಮನೆಯ ಆಡ್ರಿಯನ್ ಬಂದು ಕೂತಿದ್ದರೆ ಕಾಫಿ ಕುಡಿಸಿ ಮನೆಗೆ ಕಳಿಸು. ಹೋದನೇ? ಸರಿ.

ನನಗೆ ಬೇಸಿಗೆಗೆ ಕೆಲಸ ಸಿಕ್ಕಿದೆ. ವಾಷಿಂಗ್ಟನ್ ಹತ್ತಿರ, ಸರ್ಕಾರದ ಗುಪ್ತಚರ ಇಲಾಖೆಯಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆಂದೇ ಇಟ್ಟಿರುವ ಕೆಲಸ. ಸಿಕ್ಕಿದೆ ಎಂದೆನಲ್ಲ, ಪೂರ್ತಿ ಸಿಕ್ಕಿಲ್ಲ. ಮೊದಲು ನನ್ನ ಹಿಂದುಮುಂದನ್ನೆಲ್ಲ ಜಾಲಾಡುತ್ತಾರಂತೆ. ನಾನು ಯಾರು, ಯಾರ ಜೊತೆ ಬೆಳೆದೆ, ನಮ್ಮವರು ಯಾರಾರು, ಎಲ್ಲ. ಅದರಲ್ಲಿ ಗೆದ್ದರೆ ಜೂನ್‌ನಲ್ಲಿ ಒಳಗೆ ಬಿಡುತ್ತಾರೆ. ಚಿಕ್ಕಂದಿನಿಂದ ನಕ್ಷೆಗಳ ಮೇಲೆ ಬೋರಲು ಬಿದ್ದು ಬೆಳೆದ ನನಗೆ ಇದಕ್ಕಿಂತ ಬೇರೆ ಏನು ಬೇಕು ಹೇಳು! ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಆಂ? ಆಂ?" ಎನ್ನುತ್ತೀಯ, ನಾನು ಕಿರುಚಬೇಕು, ಹಾಸ್ಟೆಲಿಗೆಲ್ಲ ನನ್ನ ಗುಟ್ಟು ಕೇಳಿಸುತ್ತದೆ. ಇದನ್ನು ಮನೆಯವರಿಗೆ ಮಾತ್ರ ಹೇಳಬಹುದು. ಮಮ್ಮಾ ಹೋದ ಮೇಲೆ ಮನೆಯವರು ಎಂದರೆ ನೀನೊಬ್ಬನೇ.

ವಿದೇಶಿಯರ ಪರಿಚಯವಿದ್ದರೆ ಎಲ್ಲರ ಹೆಸರೂ ಕೊಡಬೇಕು ಎಂದರು. ನಮ್ಮ ಊರಿನವಳಿಗೆ ಈ ಪ್ರಶ್ನೆ! ನಾನು ಶುರು ಮಾಡಿದೆ, ಲೊರೆಟ್ ಅತ್ತೆ, ಅತ್ತೆಯ ಮಕ್ಕಳು, ಅವರ ಮಾವ. ಫೋನಿನಲ್ಲಿದ್ದ ಹೆಂಗಸು ಉಸಿರು ಬಿಟ್ಟಳು.

"ಇಷ್ಟೊಂದು ಜನ ವಿದೇಶೀಯರಾ? ಎಷ್ಟು ದೂರದಲ್ಲಿರ್ತಾರೆ ಇವರೆಲ್ಲ?"

"ನಮ್ಮ ಅಡುಗೆಮನೆ ಕಿಟಕಿಯಿಂದ ಅವರ ಬಟ್ಟೆ ಒಣಗೋದು ಕಾಣ್ಸುತ್ತೆ ಮೇಡಂ."

"ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲ. ನಡುವೆ ಒಂದು ನದಿ ಅಷ್ಟೆ. ಆಚೆ ದಡ ಕೆನಡಾ."

ಕೊನೆಗೆ ನಿನ್ನ ಬಗ್ಗೆ ಕೇಳಿದರು. ಈ ನೆಂಟರನ್ನು ಬಿಟ್ಟು ಆಚೆ ದಡದಲ್ಲಿ ನಿನಗೆ ಹತ್ತಿರದವರು ಯಾರಾದರೂ ಇದ್ದಾರಾ ಅಂತ. ಯಾರೂ ಇಲ್ಲ ಎಂದೆ. ಸರಿ ತಾನೆ? ಒಂದು ಸಾಲು ಬರೆದು ತಿಳಿಸು, ಸಹಿ ಹಾಕುವ ಮೊದಲು ಕೇಳಿಬಿಡೋಣ ಅಂತ.

ಈಚೆಗೆ ಒಂದು ಕನಸು ಬಿತ್ತು. ನದಿ ಇರಲಿಲ್ಲ, ಅದರ ಜಾಗದಲ್ಲಿ ಬರೀ ಹುಲ್ಲು. ಲೊರೆಟ್ ಅತ್ತೆ ಒದ್ದೆ ಚಾದರ ಹಿಡಿದು ನಡೆದುಕೊಂಡೇ ನಮ್ಮ ಹಿತ್ತಲಿಗೆ ಬಂದರು. ಅದರ ಇನ್ನೊಂದು ತುದಿ ಹಿಡಿದು ಮಮ್ಮಾ ಹಿಂಡುತ್ತಿದ್ದಳು. ನೀರು ಸುರಿಯುತ್ತಲೇ ಇತ್ತು, ಚಾದರ ಒಣಗಲೇ ಇಲ್ಲ.

ನಿನ್ನ ಮಗಳು,
ನೊಯೆಲ್ಲಾ


ಮಡವಾಸ್ಕಾ
ಫೆಬ್ರುವರಿ ೨೦

ನೊಯೆಲ್ಲಾ ಮರೀ,

ಕಾಗದ ಓದಿ ಕೂತಲ್ಲೇ ಕೂತುಬಿಟ್ಟೆ. ನಿನ್ನ ತಾಯಿ ಇರಬೇಕಿತ್ತು. ಊರಿಗೆಲ್ಲ ಡಂಗುರ ಹೊಡೆದುಬಿಡುತ್ತಿದ್ದಳು, ನಿನಗೆ ಕೆಲಸವೂ ಹೋಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಆದರೆ ಮುಖವನ್ನು ಎಲ್ಲಿ ಬಚ್ಚಿಡಲಿ? ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಆಡ್ರಿಯನ್ ಹಿಡಿದುಕೊಂಡ.

"ಏನೋ ನಾರ್ಮನ್, ಲಾಟರಿ ಹೊಡೀತಾ? ಹಲ್ಲೆಲ್ಲ ಕಾಣ್ತಾ ಇದೆ."

"ಹಲ್ಲು ನೋವು ಕಣೋ. ಗಾಳಿಗೆ ಒಡ್ಡಿದೀನಿ."

ನಿಮ್ಮವರಿಗೆ ಇದನ್ನೂ ಹೇಳು: ನಮ್ಮ ಕಾರ್ಖಾನೆಯ ಕಾಗದದ ತಿರುಳು ಆಚೆ ದಡದಲ್ಲಿ ಬೆಂದು, ನದಿಯ ಮೇಲೆ ಕೊಳವೆಯಲ್ಲಿ ಈಚೆಗೆ ಹರಿದು ಬರುತ್ತದೆ. ನಾನು ಜೀವಮಾನವೆಲ್ಲ ಆ ಕೊಳವೆಯ ಬಾಯಲ್ಲೇ ನಿಂತಿದ್ದೇನೆ. ಒಂದು ದಿನವೂ ಆ ತಿರುಳನ್ನು ಯಾರೂ ಪಾಸ್‌ಪೋರ್ಟ್ ಕೇಳಿಲ್ಲ. ನೀನು ಈಗ ಈ ಕಾಗದದ ಹಿಂದುಮುಂದು ವಿಚಾರಿಸಿದರೆ ಅದೂ ಅರ್ಧ ವಿದೇಶಿಯೇ.

ನದಿ ಗಟ್ಟಿಯಾಗಿ ಹೆಪ್ಪುಗಟ್ಟಿದೆ. ಬೆಳಿಗ್ಗೆ ಮಂಜು ಇಳಿದರೆ ಆಚೆ ಊರು ತೇಲುತ್ತಿದೆಯೇನೋ ಅನ್ನಿಸುತ್ತದೆ, ಚರ್ಚಿನ ಗೋಪುರ ಮಾತ್ರ ಕಾಣುತ್ತದೆ, ಕೆಳಗೆ ಏನೂ ಇರುವುದಿಲ್ಲ. ಮೊನ್ನೆ ಭಾನುವಾರ ಕ್ಷೌರಕ್ಕೆ ಅಂತ ಆ ಮಂಜಿನೊಳಗೇ ಸೇತುವೆ ದಾಟಿದೆ. ಆಚೆ ಗಡಿಯಾರ ಒಂದು ಗಂಟೆ ಮುಂದೆ ತಾನೆ. ಹೋಗುವಾಗ ಒಂದು ಗಂಟೆ ಕಳೆದುಹೋಗುತ್ತದೆ, ಬರುವಾಗ ಸೇತುವೆಯ ಮೇಲೆ ಬಿದ್ದಿರುತ್ತದೆ, ಎತ್ತಿಕೊಂಡು ಬರುತ್ತೇನೆ. ಗಡಿಯ ಹುಡುಗ ಕೇಳಿದ, "ಮತ್ತೆ ಕಟಿಂಗಾ ನಾರ್ಮನ್? ತಲೇಲಿ ಏನಿದೆ ಅಂತ?" ನಿನ್ನ ತಲೆಯಲ್ಲಿರೋದಕ್ಕಿಂತ ಜಾಸ್ತಿ ಇದೆ ಎಂದೆ.

ನೀನು ಕೇಳಿದ್ದಕ್ಕೆ ಬರೆಯಬೇಕು. ಕಾವಲಿಯ ಮೇಲೆ ಪ್ಲೋಯ್ ರೊಟ್ಟಿ ಹಾಕಿ ಬಂದಿದ್ದೆ, ಸೀಯುವ ವಾಸನೆ ಬರುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ. ಬೆಚ್ಚಗೆ ಹೊದ್ದುಕೋ.

ನಿನ್ನ ಪಪಾ


ಒರೊನೊ
ಏಪ್ರಿಲ್ ೧೪

ಪಪಾ,

ಪ್ಲೋಯ್ ಪೂರ್ತಿ ಸೀದುಹೋಯಿತು ಅಂತ ಕಾಣುತ್ತದೆ. ಆಮೇಲೆ ನಿನ್ನಿಂದ ಆ ಒಂದು ಸಾಲು ಬರಲೇ ಇಲ್ಲ. ಬರೆಯದಿದ್ದರೆ ಇಲ್ಲ ಅಂತಲೇ ಅರ್ಥ ಎಂದುಕೊಂಡು "ಯಾರೂ ಇಲ್ಲ" ಎಂಬುದಕ್ಕೆ ಸಹಿ ಹಾಕಿದೆ.

ಹೋದ ವಾರ ವಾಷಿಂಗ್ಟನ್ ಪಕ್ಕದ ವರ್ಜೀನಿಯಾಕ್ಕೆ ಕರೆಸಿದ್ದರು. ಅಲ್ಲಿ ನಡೆದದ್ದನ್ನು ಯಾರಿಗೂ ಹೇಳುವಂತಿಲ್ಲ, ನಿನಗೂ. ಅದಕ್ಕೇ ಹೇಳುವುದಿಲ್ಲ. ಬದಲು ಒಂದು ಕನಸು ಹೇಳುತ್ತೇನೆ. ಕನಸಿಗೆ ಯಾರ ಅಪ್ಪಣೆಯೂ ಬೇಡವಲ್ಲ.

ಕಿಟಕಿಯಿಲ್ಲದ ಕೋಣೆ. ನನ್ನ ಎದೆಗೆ ಒಂದು ಪಟ್ಟಿ ಸುತ್ತಿದ್ದಾರೆ, ಬೆರಳಿಗೆ ಏನೋ ಸಿಕ್ಕಿಸಿದ್ದಾರೆ. ಹಿಂದೆ ಕೂತ ಮನುಷ್ಯನ ಮುಖ ಕಾಣುವುದಿಲ್ಲ. ದನಿ ಮಾತ್ರ ತಣ್ಣಗೆ, ಪಾಪ ನಿವೇದನೆ ಕೇಳುವ ಪಾದ್ರಿಯ ದನಿಯ ಹಾಗೆ.

"ನಿಮ್ಮ ತಂದೆ ಪ್ರತಿ ಭಾನುವಾರ ನದಿ ದಾಟಿ ಎಡ್ಮಂಡ್‌ಸ್ಟನ್‌ಗೆ ಹೋಗ್ತಾರೆ. ಯಾಕೆ?"

"ಕಟಿಂಗ್ ಮಾಡಿಸ್ಕೊಳ್ಳೋಕೆ."

"ಅವರ ಫೋಟೋ ನೋಡಿದೀನಿ. ತಲೇಲಿ ಕೂದಲಿಲ್ಲ."

ನಾನು ಜೋರಾಗಿ ನಕ್ಕೆ ಪಪಾ. ಅವನು ನಗಲಿಲ್ಲ.

"ಆ ಅಂಗಡಿ ಭಾನುವಾರ ಮುಚ್ಚಿರುತ್ತೆ, ಮಿಸ್ ಲಗಾಸೆ."

ಪಟ್ಟಿ ಬಿಗಿಯಾಯಿತು. ಸುಳ್ಳು ಹಿಡಿಯುವ ಯಂತ್ರ ಎಲ್ಲೋ ಕರಕರ ಎಂದಿತು. ನೀವು ಸುಳ್ಳು ಹೇಳ್ತಾ ಇದ್ದೀರೋ, ನಿಮ್ಮ ತಂದೆಯೋ ಎಂದ. ನಮ್ಮ ಮನೆಯಲ್ಲಿ ಸುಳ್ಳು ಹೇಳುವುದಿಲ್ಲ ಎಂದೆ. ಆಮೇಲೆ ಗೋಡೆಗಳು ಮಂಜಾಗಿ ಕರಗಿದವು, ನಾನು ಸೇತುವೆಯ ಮೇಲೆ ನಿಂತಿದ್ದೆ. ನೀನು ದೂರದಲ್ಲಿ ಹೋಗುತ್ತಿದ್ದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಕೂಗಿದೆ. ನಿನಗೆ ಕೇಳಿಸಲಿಲ್ಲ.

ಕನಸು ಅಷ್ಟೇ. ಎದ್ದ ಮೇಲೆ ಯೋಚಿಸಿದೆ. ನಮ್ಮ ಅಡುಗೆಮನೆಯಲ್ಲಿ ಯಾವ ಚಮಚ ಎಲ್ಲಿದೆ ಅಂತ ನನಗೆ ಗೊತ್ತು. ನಿನ್ನ ಬಗ್ಗೆಯೂ ಅಷ್ಟೇ ಗೊತ್ತು ಎಂದುಕೊಂಡಿದ್ದೆ.

ನೊಯೆಲ್ಲಾ


ಮಡವಾಸ್ಕಾ
ಮೇ ೧೮

ಮಗಳೇ,

ನಿನ್ನ ಕನಸನ್ನು ಮತ್ತೆ ಮತ್ತೆ ಓದಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೂ ಕೆಲಸ ನೆನಪಾಗುತ್ತಿತ್ತು. ಅಷ್ಟರಲ್ಲಿ ವಿಚಾರಣೆಗೆ ನಿಮ್ಮ ಇಲಾಖೆಯವನೇ ಒಬ್ಬ ಬಂದ.

ಒಳ್ಳೆ ಮನುಷ್ಯ, ಬೂಟು ಬಾಗಿಲಲ್ಲೇ ಬಿಟ್ಟು ಬಂದ. ಮೊದಲು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿ ಆಗಿತ್ತು. ಆಡ್ರಿಯನ್ ನಿನ್ನನ್ನು ಹೊಗಳಿದ್ದು ಹೊಗಳಿದ್ದೇ ಅಂತೆ, ಕೇಳಿದರೆ ಯಾರೂ ನಂಬುವುದಿಲ್ಲ. ನಾನು ಪ್ಲೋಯ್ ಮಾಡಿ ಮೇಪಲ್ ಪಾಕ ಹಾಕಿಕೊಟ್ಟೆ. ಇದನ್ಯಾಕೆ ಮಗುಚಿ ಹಾಕಲ್ಲ ಎಂದು ಕೇಳಿದ. ಇದು ಒಂದೇ ಕಡೆ ಬೇಯೋದು ಸ್ವಾಮಿ, ಮಗುಚಿದರೆ ಕೆಡುತ್ತೆ ಎಂದೆ. ತಿಂದ. ಆಮೇಲೆ ಮೆಲ್ಲಗೆ ಕೇಳಿದ, "ಭಾನುವಾರ ಎಲ್ಲಿಗೆ ಹೋಗ್ತೀರಿ ಮಿಸ್ಟರ್ ಲಗಾಸೆ?"

ಹೇಳಿಬಿಟ್ಟೆ. ನಿನಗೆ ಹೇಳಲು ಬಾರದ್ದು, ಮೊದಲ ಸಲ ನೋಡಿದ ಆ ಮನುಷ್ಯನ ಮುಂದೆ ನೀರಿನ ಹಾಗೆ ಬಂತು. ಅವಳ ಹೆಸರು ಜರ್ಮೇನ್ ಪೆಲ್ತಿಯೆ. ವಿಧವೆ. ಕ್ಷೌರದಂಗಡಿ ಅವಳದೇ. ಭಾನುವಾರ ಪರದೆ ಎಳೆದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸುತ್ತಾಳೆ, ಬಿಸಿನೀರಿನ ಬಟ್ಟೆ ತಲೆಯ ಮೇಲೆ ಇಡುತ್ತಾಳೆ, ನನ್ನ ಒಳ್ಳೆ ಕಿವಿಯ ಕಡೆ ನಿಂತು ಮಾತಾಡುತ್ತಾಳೆ. ಎಷ್ಟೋ ಸಲ ಅಲ್ಲೇ ನಿದ್ದೆ ಬಂದುಬಿಡುತ್ತದೆ. ಅಷ್ಟೇ ಮಗಳೇ. ನಿನ್ನ ತಾಯಿಯ ಜಾಗಕ್ಕೆ ಯಾರನ್ನೋ ತಂದೆ ಅಂತ ನೀನು ಅಂದುಕೊಂಡರೆ ಎಂಬ ಭಯಕ್ಕೆ ಹೇಳಲಿಲ್ಲ.

ಆ ಮನುಷ್ಯ ಎಲ್ಲ ಬರೆದುಕೊಂಡು ಕೈ ಕುಲುಕಿ ಹೋದ. ಅವನು ಹೋದ ಮೇಲೆ ನನಗೆ ಹೊಳೆಯಿತು. ಅವಳು ವಿದೇಶಿ! ನೀನು ಕೇಳಿದಾಗಲೂ ನಿನ್ನ ತಾಯಿಯೇ ಕಣ್ಣ ಮುಂದೆ ಬಂದಳು, ಇದು ತಲೆಗೇ ಬಂದಿರಲಿಲ್ಲ. ನನ್ನಿಂದ ನಿನ್ನ ಬಾಗಿಲು ಮುಚ್ಚಿದರೆ ನಾನು ಬದುಕಿ ಪ್ರಯೋಜನವೇನು? ಅದಕ್ಕೇ ಇನ್ನು ಆ ಕಡೆ ಹೋಗುವುದಿಲ್ಲ. ಸೇತುವೆ ದಾಟಿಲ್ಲ ಅಂತ ಅವರಿಗೂ ಗೊತ್ತಾಗಲಿ. ಇಲ್ಲಿನ ಹುಡುಗನ ಹತ್ತಿರವೇ ಕ್ಷೌರ ಮಾಡಿಸಿಕೊಂಡೆ. ಕಿವಿಯ ಹಿಂದೆ ಕೊಯ್ದ. ಪರವಾಗಿಲ್ಲ.

ನೀನು ನೆಮ್ಮದಿಯಾಗಿ ಹೊರಡು.

ಪಪಾ


ವರ್ಜೀನಿಯಾ
ಜೂನ್ ೮

ಪಪಾ, ಪಪಾ,

ನೀನೆಂಥ ಪೆದ್ದ! ಅಪ್ಪನನ್ನು ಹೀಗನ್ನಬಾರದು, ಆದರೂ ಅನ್ನುತ್ತೇನೆ.

ನಾನು ಒಳಗೆ ಬಂದಾಯಿತು. ಬೆಳಿಗ್ಗೆ ಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿ ಫೋನ್ ಇಟ್ಟು ಒಳಗೆ ಹೋಗುತ್ತೇನೆ, ಸಂಜೆ ಎತ್ತಿಕೊಂಡು ಬರುತ್ತೇನೆ. ನಡುವೆ ಏನಾಗುತ್ತದೆ ಎಂದು ಕೇಳಬೇಡ. ಕೆಲಸ ನನಗೆ ತುಂಬ, ತುಂಬ ಹಿಡಿಸಿದೆ. ಅಷ್ಟು ಹೇಳಬಹುದು.

ಮತ್ತು ಒಳಗೆ ಬಂದದ್ದು ನೀನು ಅವಳನ್ನು ಬಿಟ್ಟಿದ್ದರಿಂದ ಅಲ್ಲ. ನೀನು ಆ ಮನುಷ್ಯನಿಗೆ ನಿಜ ಹೇಳಿದ್ದರಿಂದ, ನಾನು ಸಹಿ ಹಾಕಿದ್ದು ಗೊತ್ತಿಲ್ಲದೆ ಎಂದು ಅವರಿಗೂ ತಿಳಿದದ್ದರಿಂದ. ಕೆನಡಾದ ಹೆಂಗಸನ್ನು ಪ್ರೀತಿಸಿದರೆ ಇವರಿಗೆ ಏನೂ ಆಗಬೇಕಾಗಿಲ್ಲ. ಮುಚ್ಚಿಟ್ಟರೆ ಮಾತ್ರ ಭಯ. ಮುಚ್ಚಿಟ್ಟದ್ದನ್ನು ಹಿಡಿದುಕೊಂಡು ಯಾರಾದರೂ ನಮ್ಮನ್ನು ಆಡಿಸಬಹುದು ಅಂತ. ಎಲ್ಲರಿಗೂ ಗೊತ್ತಿರುವ ಪ್ರೀತಿಯಿಂದ ಯಾರನ್ನೂ ಆಡಿಸಲಾಗದು. ಮುಗಿಯಿತಲ್ಲ, ಈಗ ಎಲ್ಲರಿಗೂ ಗೊತ್ತು! ಅಮೆರಿಕದ ಸರ್ಕಾರಕ್ಕೇ ಗೊತ್ತು. ನಿನ್ನ ಮಗಳಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು. ಅದಕ್ಕೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಒಂದು ದಿನ ಪೂರ್ತಿ ಅತ್ತೆ. ಮಮ್ಮಾಗೋಸ್ಕರವೋ ನನಗೋಸ್ಕರವೋ ತಿಳಿಯಲಿಲ್ಲ.

ಈ ಭಾನುವಾರವೇ ಹೋಗು. ಅಂಗಿ ಇಸ್ತ್ರಿ ಮಾಡಿಕೋ.

ನಿನ್ನ
ನೊಯೆಲ್ಲಾ


ವರ್ಜೀನಿಯಾ
ಜುಲೈ ೬

ಪಪಾ,

ಯಾಕೆ ಸುಮ್ಮನಿದ್ದೀಯ? ಹೋದೆಯಾ, ಇಲ್ಲವಾ?

ಇಲ್ಲಿ ಸಂಜೆಗಳು ವಿಚಿತ್ರ. ನನ್ನ ಜೊತೆಯ ಹುಡುಗಿಯರೆಲ್ಲ ಒಂದೇ ಮನೆಯಲ್ಲಿದ್ದೇವೆ. ಊಟಕ್ಕೆ ಕೂತರೆ "ಹೇಗಿತ್ತು ದಿನ?" "ಚೆನ್ನಾಗಿತ್ತು." "ನಿಂದು?" "ನಂದೂ." ಆಮೇಲೆ ಮುಳ್ಳುಚಮಚಗಳ ಸದ್ದು. ಒಬ್ಬೊಬ್ಬರ ಕಣ್ಣಲ್ಲೂ ಇಡೀ ದಿನ ತುಂಬಿಕೊಂಡಿರುತ್ತದೆ, ಬಾಯಿಗೆ ಬರುವಂತಿಲ್ಲ. ನಿದ್ದೆಯಲ್ಲಿ ನಾನು ಎಷ್ಟೋ ಊರುಗಳ ಮೇಲೆ ತೇಲುತ್ತೇನೆ. ಮೋಡದ ನೆರಳು ಮನೆಗಳ ಮೇಲೆ ಹರಿಯುತ್ತದೆ, ಯಾರೋ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಾರೆ, ಅವರಿಗೆ ನಾನು ಕಾಣುವುದಿಲ್ಲ. ಕೆಳಗಿಳಿಯಬೇಕು, ಯಾರ ಜೊತೆಯಾದರೂ ಮಾತಾಡಬೇಕು ಅನ್ನಿಸುತ್ತದೆ, ಆಗ ಎಚ್ಚರವಾಗುತ್ತದೆ.

ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಂಡು ಊಟ ಮಾಡುವುದು ಎಷ್ಟು ಕಷ್ಟ ಅಂತ ಈಗ ಗೊತ್ತಾಗುತ್ತಿದೆ. ನನ್ನೆದುರು ಕೂತು ನೀನೂ ಹಾಗೇ ಉಣ್ಣುತ್ತಿದ್ದೆ ಅಲ್ಲವಾ? ನಾನು ಮಾತ್ರ ಬಡಬಡ ಮಾತಾಡುತ್ತಿದ್ದೆ.

ಬರೆ.

ನೊಯೆಲ್ಲಾ


ಮಡವಾಸ್ಕಾ
ಜುಲೈ ೧೫

ಮರೀ,

ಹೋಗಿದ್ದೆ. ಅಂಗಿಯನ್ನೂ ಇಸ್ತ್ರಿ ಮಾಡಿಕೊಂಡಿದ್ದೆ.

ಪರದೆ ಎಳೆದಿತ್ತು. ತಟ್ಟಿದೆ. ಬಾಗಿಲನ್ನು ಅಂಗೈ ಅಗಲ ತೆರೆದು ನಿಂತಳು. ಒಳಗೆ ಕರೆಯಲಿಲ್ಲ.

"ಎಲ್ಲಿ ಹೋಗಿದ್ದೆ?" ಎಂದಳು. ಎಲ್ಲ ಹೇಳಿದೆ. ನಿನ್ನ ಕೆಲಸ ಎಂಥದ್ದು ಅಂತ ಬಿಟ್ಟು, ಉಳಿದದ್ದೆಲ್ಲ. ಸರ್ಕಾರದವರು ಮನೆಗೆ ಬಂದದ್ದು, ನಾನು ಹೆದರಿದ್ದು. ಅವಳ ಮುಖ ಬಿಳಿಚಿಕೊಂಡಿತು.

"ಅಂದ್ರೆ ನನ್ನ ವಿಷ್ಯ ಮಗಳಿಗೆ ಹೇಳಿರ್ಲಿಲ್ಲ ನೀನು. ಇಷ್ಟು ದಿನ!"

"ಹೇಳ್ಬೇಕು ಅಂತಲೇ ಇದ್ದೆ ಜರ್ಮೇನ್."

"ಯಾರೋ ದಾರೀಲಿ ಹೋಗೋನಿಗೆ ಹೇಳ್ದೆ. ಮಗಳಿಗೆ ಹೇಳಕ್ಕೆ ನಾಚಿಕೆ ಪಡೋ ಅಂಥ ಹೆಂಗಸಾ ನಾನು? ಅವರು ಬಂದ್ರು ಅಂತ ನನ್ನ ಬಿಟ್ಟೆ, ಅವರು ಬೇಡ ಅಂದಿಲ್ಲ ಅಂತ ಮತ್ತೆ ಬಂದೆ. ನಾನೇನು ನಿನ್ನ ಕೋಟಾ, ಚಳಿಗೊಂದು ಸಲ ಹಾಕ್ಕೊಳ್ಳೋಕೆ?"

"ಮಗಳೇ ಹೋಗು ಅಂದ್ಳು."

"ನೋಡು, ಈಗ್ಲೂ ಮಗಳು ಹೇಳಿದ್ಳು ಅಂತ ಬಂದಿದೀಯ. ನೀನಾಗಿ ಬಂದಿಲ್ಲ. ನಿಮ್ಮನೇಲಿ ನಾನು ಯಾರು? ಅದನ್ನ ಹೇಳು ಮೊದ್ಲು."

ಮಂಕನ ಹಾಗೆ ನಿಂತಿದ್ದೆ. ಬಾಗಿಲು ಮುಚ್ಚಿದಳು. ಆಮೇಲಿನ ಭಾನುವಾರವೂ ಹೋದೆ, ತೆರೆಯಲಿಲ್ಲ. ತಪ್ಪು ಅವಳದಲ್ಲ.

ಮನೆ ಬಿಕೋ ಎನ್ನುತ್ತದೆ. ನಿನ್ನ ತಾಯಿ ಹೋದಾಗ ಹೇಗೋ ತಡೆದುಕೊಂಡೆ, ನೀನಿದ್ದೆ. ಈಗ ನೀನು ದೊಡ್ಡವಳಾದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕೆಲಸ ಮಾಡು.

ಪಪಾ


ವರ್ಜೀನಿಯಾ
ಜುಲೈ ೨೫

ಮದಾಂ ಜರ್ಮೇನ್ ಪೆಲ್ತಿಯೆ ಅವರಿಗೆ,

ನಾನು ನಾರ್ಮನ್ ಲಗಾಸೆಯ ಮಗಳು. ನೀವು ನನ್ನನ್ನು ನೋಡಿಲ್ಲ, ನಾನು ನಿಮ್ಮನ್ನು ಕನಸಲ್ಲಿ ನೋಡಿದ್ದೇನೆ, ಮುಖವಿಲ್ಲದೆ. ಬಿಸಿನೀರಿನ ಬಟ್ಟೆ ಹಿಡಿದ ಕೈಗಳು ಮಾತ್ರ ಕಾಣುತ್ತಿದ್ದವು. ಪಪಾ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಮಮ್ಮಾ ಸತ್ತ ಮೇಲೆ ಅವನು ಹಾಗೆ ಬಾಯಿ ತೆರೆದು ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ.

ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನಾಗಿದ್ದರೆ ಬಾಗಿಲನ್ನು ಅಂಗೈ ಅಗಲವೂ ತೆರೆಯುತ್ತಿರಲಿಲ್ಲ.

ನನ್ನ ಕೆಲಸ ಇಂಥದ್ದು ಎಂದು ಹೇಳಲಾರೆ. ಆದರೆ ನಮಗೊಂದು ನಿಯಮವಿದೆ. ಹೊಸದಾಗಿ ಯಾವ ವಿದೇಶಿಯ ಜೊತೆ ಮಾತುಕತೆ ಇಟ್ಟುಕೊಂಡರೂ ಮೇಲಿನವರಿಗೆ ತಿಳಿಸಬೇಕು. ಹಾಗಾಗಿ ಈ ಕಾಗದ ಬರೆಯುವ ಮೊದಲು ನಮ್ಮ ಅಧಿಕಾರಿಯ ಮುಂದೆ ಹೋಗಿ ನಿಂತೆ. ವಯಸ್ಸಾದ ಹೆಂಗಸು, ಬಿಗಿ ಮುಖ. ನಿಮ್ಮ ಹೆಸರು ಹೇಳಿದೆ, ಊರು ಹೇಳಿದೆ.

"ಇವರು ನಿಮಗೇನಾಗ್ಬೇಕು?" ಎಂದರು. "ಸ್ನೇಹಿತೆನಾ? ಪರಿಚಯದೋರಾ?"

ನಿಮ್ಮ ಮುಂದೆ ಪಪಾ ನಿಂತ ಹಾಗೇ ನಿಂತಿದ್ದೆನೇನೋ. ಅಧಿಕಾರಿ ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟುಕೊಂಡು ಕಾದರು.

"ಮನೆಯವರು," ಎಂದೆ.

"ಮನೆಯವರು ಅಂದ್ರೆ?"

"ನಮ್ಮ ಮನೆಯವರು ಮೇಡಂ. ಹಾಗಂತಲೇ ಬರ್ಕೊಳ್ಳಿ."

ಬರೆದುಕೊಂಡರು. ಇಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವುದಿಲ್ಲ. ಸುಳ್ಳು ಬರೆಸಿದೆ ಎಂದಾದರೆ ನನ್ನ ಕೆಲಸ ಹೋಗುತ್ತದೆ. ಮದಾಂ, ನಾನು ನಿಮ್ಮನ್ನು ಕೇಳದೆ ಹೀಗೆ ಹೇಳಿಬಿಟ್ಟಿದ್ದೇನೆ. ಅದು ನಿಜವೋ ಸುಳ್ಳೋ ಎಂಬುದು ಈಗ ನಿಮ್ಮ ಕೈಯಲ್ಲಿದೆ.

ನಿಮ್ಮ,
ನೊಯೆಲ್ಲಾ ಲಗಾಸೆ


ಮಡವಾಸ್ಕಾ
ಆಗಸ್ಟ್ ೫

ನೊಯೆಲ್ಲಾ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ನಿಮ್ಮ ಅಡುಗೆಮನೆಯ ಮೇಜಿನ ಮೇಲೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಹಿತ್ತಲಲ್ಲಿ ಬೀನ್ಸ್ ಬಿಡಿಸುತ್ತಿದ್ದಾನೆ, ನಾನೇನು ಬರೆಯುತ್ತಿದ್ದೇನೆ ಅಂತ ಕಿಟಕಿಯಿಂದ ಇಣುಕುತ್ತಿದ್ದಾನೆ.

ನಿನ್ನ ಕಾಗದ ಓದಿ ಮೊದಲು ಸಿಟ್ಟೇ ಬಂತು. ಎಂಥ ಹುಡುಗಿ, ಹೆದರಿಸುತ್ತಾಳಲ್ಲ ಅಂತ. ಆಮೇಲೆ ಅಂಗಡಿಯ ಕನ್ನಡಿಯ ಮುಂದೆ ಕೂತು ಅತ್ತೆ. ನನ್ನನ್ನು ಯಾರೂ ಹಾಗೆ ಬರೆಸಿರಲಿಲ್ಲ.

ಅವನು ಬರುವವರೆಗೆ ಕಾಯಲಿಲ್ಲ. ನಾನೇ ಹೊರಟೆ. ಇಷ್ಟು ವರ್ಷ ಅವನೇ ಬರುತ್ತಿದ್ದ, ನಾನು ಒಂದು ದಿನವೂ ಈ ಕಡೆ ಬಂದಿರಲಿಲ್ಲ. ಬಾ ಎಂದು ಅವನು ಕರೆದಿರಲಿಲ್ಲ, ಬರುತ್ತೇನೆ ಎನ್ನಲು ನನಗೂ ಬಾಯಿ ಬಂದಿರಲಿಲ್ಲ. ಬೆಳಗಿನ ಮಂಜಿನಲ್ಲಿ ಸೇತುವೆಯ ಎರಡು ತುದಿಯೂ ಕಾಣುತ್ತಿರಲಿಲ್ಲ, ಕಾರು ಗಾಳಿಯ ಮೇಲೇ ಹೋಗುತ್ತಿದ್ದಂತೆ ಇತ್ತು. ನಿಮ್ಮ ಕಡೆಯ ಗಡಿ ಹುಡುಗ ಕಿಟಕಿಗೆ ಬಗ್ಗಿದ.

"ಎಲ್ಲಿಗೆ ಮದಾಂ?"

"ನಾರ್ಮನ್ ಲಗಾಸೆ ಮನೆಗೆ."

ಅವನು ನನ್ನ ಪಾಸ್‌ಪೋರ್ಟ್ ನೋಡಿದ, ಹೆಸರು ಓದಿದ, ತುಟಿ ಕಚ್ಚಿಕೊಂಡ. ಮುಂಡೇದಕ್ಕೆ ಎಲ್ಲ ಗೊತ್ತಿತ್ತು.

"ಅವರು ನಿಮಗೇನಾಗ್ಬೇಕು?"

ನಿನ್ನ ಆಫೀಸಿನಲ್ಲಿ ಕೇಳಿದರೆ ನಿರ್ಭಯವಾಗಿ ಹೇಳು ಮಗಳೇ. ನೀನು ಬರೆಸಿದ್ದನ್ನೇ ನಾನೂ ಹೇಳಿದ್ದೇನೆ.

ಪ್ರೀತಿಯಿಂದ,
ಜರ್ಮೇನ್